ಎತ್ತಿನ ಕಡೆಗೆ ಓಡುವ ಗೆರೆ

ಅಳ್ನಾವರದ ಚಹಾದಂಗಡಿಗಳು ಇನ್ನೂ ಬಾಗಿಲು ತೆಗೆದಿಲ್ಲ. ಗೋವಾ ರಸ್ತೆಯ ಬದಿಗಿರುವ ತಗಡಿನ ಶೆಡ್ಡಿನಲ್ಲಿ ಮಾತ್ರ ದೀಪ ಉರಿಯುತ್ತಿದೆ. ಶಿವಗಂಗಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುಂಚವನ್ನು ಬಣ್ಣಕ್ಕೆ ಅದ್ದಿ, ಒಂದು ಕಾರಿನ ಮಗ್ಗುಲಲ್ಲಿ ಬಗ್ಗಿ ನಿಂತಿದ್ದಾರೆ. ಕಾರೆಂದರೆ ಅಂತಿಂಥ ಕಾರಲ್ಲ. ಎರಡೇ ಬಾಗಿಲು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು, ಕಡುನೀಲಿ ಮೈ, ಬೆನ್ನ ಮೇಲೊಂದು ಅಡ್ಡ ರೆಕ್ಕೆ. ನಮ್ಮೂರ ರಸ್ತೆಯ ಹಂಪುಗಳನ್ನು ಅದು ಹೇಗೆ ದಾಟಿ ಬಂತೆಂಬುದು ಅದರ ಮಾಲೀಕರಿಗೂ ದೇವರಿಗೂ ಮಾತ್ರ ಗೊತ್ತು.

ಹಿಂದಿನ ದೀಪದ ಬುಡದಲ್ಲಿ ಕುಂಚ ತಾಗುತ್ತದೆ. ಅಲ್ಲಿಂದ ಹಳದಿ ಗೆರೆಯೊಂದು ದಾರದಷ್ಟು ತೆಳ್ಳಗೆ ಹೊರಟು, ಬಾಗಿಲು ದಾಟಿ, ಮುಂದಿನ ಗಾಲಿಯ ಮೇಲೇರಿ, ಕಿರುಬೆರಳಿನಷ್ಟು ದಪ್ಪಗಾಗಿ ನಿಲ್ಲುತ್ತದೆ. ಟೇಪಿಲ್ಲ, ಅಳತೆಪಟ್ಟಿಯಿಲ್ಲ. ನಡುವೆ ಕುಂಚ ಅದ್ದಿಕೊಂಡ ಜಾಗವನ್ನು ಹುಡುಕಲು ಹೋದವರು ಕಣ್ಣು ನೋಯಿಸಿಕೊಂಡು ವಾಪಸು ಬಂದಿದ್ದಾರೆ.

ಕೆಲಸ ನಸುಕಿನಲ್ಲೇ ಯಾಕೆ ಎಂದು ಕೇಳಿದರೆ ಕಾರಣ ಸರಳ. ಲಾರಿಗಳ ಓಡಾಟ ಶುರುವಾದರೆ ಧೂಳೇಳುತ್ತದೆ, ಹಸಿ ಬಣ್ಣಕ್ಕೆ ಧೂಳು ಕೂತರೆ ಮುಗಿಯಿತು. ಇನ್ನೊಂದು ಕಾರಣವೂ ಇದೆ. "ಚಹಾ ಕುಡದ್ರ ಕೈ ನಡಗತೈತ್ರಿ. ಚಹಾ ಬಿಟ್ಟು ಭಾಳ ಹೊತ್ತ ಇರಾಕೂ ನನಗ ಆಗಂಗಿಲ್ಲ. ಅದಕ್ಕ ಲಗೂನ ಎದ್ದು ಗೆರಿ ಮುಗಿಸಿಬಿಡ್ತೀನಿ," ಎನ್ನುತ್ತಾರೆ.

ಐವತ್ತರ ಆಸುಪಾಸಿನ ಶಿವಗಂಗಾ ಹುಟ್ಟಿದ್ದು ಯಮನೂರಿನ ಹತ್ತಿರದ ಹಳ್ಳಿಯಲ್ಲಿ. ತಂದೆ ಗಂಗಪ್ಪ ಚಕ್ಕಡಿಗೆ, ಅಂದರೆ ಎತ್ತಿನ ಗಾಡಿಗೆ, ಬಣ್ಣ ಹಚ್ಚುತ್ತಿದ್ದರು. ಬಣ್ಣದ ಡಬ್ಬಿ ಹಿಡಿದು ಅಪ್ಪನ ಹಿಂದೆ ತಿರುಗಿದ ಮಗಳಿಗೆ ಕುಂಚ ಕಟ್ಟುವುದೂ ಬಂತು. ಹೋರಿಯ ಕಿವಿಯೊಳಗಿನ ಕೂದಲನ್ನು ಕತ್ತರಿಸಿ ತಂದು ಕಟ್ಟಿದ ಕುಂಚ ಅದು, ಈಗಲೂ ಅವರು ಬಳಸುವುದು ಅದನ್ನೇ. ರಂಗೋಲಿಯಿಂದ ಈ ಕೈಚಳಕ ಬಂತಾ ಎಂದು ಬಂದವರೆಲ್ಲ ಕೇಳುತ್ತಾರೆ. ತಮಗೆ ರಂಗೋಲಿ ಬರುವುದೇ ಇಲ್ಲ, ಮನೆ ಮುಂದೆ ಹಾಕುವವಳು ಸೊಸೆ ಎಂದು ಶಿವಗಂಗಾ ನಕ್ಕುಬಿಡುತ್ತಾರೆ.

ಮದುವೆಯಾಗಿ ಅಳ್ನಾವರಕ್ಕೆ ಬಂದಾಗ ಗಂಡ ಮೈಲಾರಿ ಗಾಡಿಗಳ ಡೆಂಟು ತೆಗೆಯುತ್ತಿದ್ದರು. ತಗಡು ಮೈಲಾರಿಯ ಮಾತು ಕೇಳುತ್ತದೆ, ಕುಂಚ ಕೇಳುವುದಿಲ್ಲ. ಆಟೋದ ಹಿಂದೆ ಅವರು ಬರೆದ ಹೆಸರುಗಳು ಒಂದು ಕಡೆಗೆ ವಾಲಿಕೊಂಡು ಹೋಗುತ್ತಿದ್ದವಂತೆ. ಹೆಂಡತಿ ಸುಮ್ಮನೆ ಕುಂಚ ಕಿತ್ತುಕೊಂಡರು. ಟ್ರಾಲಿ, ಟೆಂಪೊ, ಆಟೋ ಎಂದು ವರ್ಷಗಳು ಕಳೆದವು. ಒಂದು ದಿನ ಗೋವಾಕ್ಕೆ ಹೊರಟಿದ್ದ ಹುಬ್ಬಳ್ಳಿಯ ಗೌರೀಶರ ಕಾರು ರಸ್ತೆಯಲ್ಲಿ ಎಮ್ಮೆಗೆ ದಾರಿ ಬಿಡಲು ಹೋಗಿ ಕಲ್ಲಿಗೆ ಉಜ್ಜಿತು. ಮೈಲಾರಿ ಡೆಂಟು ತೆಗೆದರು, ಕಿತ್ತುಹೋದ ಗೆರೆಯನ್ನು ಶಿವಗಂಗಾ ಕೂಡಿಸಿದರು. ಯಾವುದು ಹಳೆಯದು, ಯಾವುದು ಹೊಸದು ಎಂದು ಗೌರೀಶರಿಗೆ ಗೊತ್ತಾಗಲಿಲ್ಲ.

ಪಂಪ್‌ಸೆಟ್ ವ್ಯಾಪಾರದ ಗೌರೀಶರಿಗೆ ಕಾರುಗಳ ಹುಚ್ಚಿರುವ ಗೆಳೆಯರ ದೊಡ್ಡ ಬಳಗವಿದೆ. ಭಾನುವಾರ ಬೆಳಿಗ್ಗೆ ಅವರೆಲ್ಲ ಶೆಡ್ಡಿನ ಮುಂದೆ ಸೇರಿದರೆಂದರೆ ಮಿರ್ಚಿಭಜಿ ತಣ್ಣಗಾದರೂ ಮಾತು ತಣ್ಣಗಾಗುವುದಿಲ್ಲ. ಕಾರು ನಿಂತಾಗಲೂ ಓಡುತ್ತಿರುವಂತೆ ಕಾಣಬೇಕು, ರೆಕ್ಕೆ ಬೇಕು, ಬಣ್ಣ ಬೇಕು ಎಂಬುದು ಗೌರೀಶರ ವಾದ. ಧಾರವಾಡದಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ಪಾಠ ಹೇಳುವ ಫರಹತ್ ಮೇಡಂ ಇದಕ್ಕೆ ಪೂರಾ ವಿರುದ್ಧ. ತಮ್ಮ ಹಳೆಯ ಬಿಳಿ ಕಾರಿನ ಎಂಜಿನ್ನನ್ನು ಅವರು ಸ್ವಂತ ಕೈಯಿಂದ ಬಿಚ್ಚಿ, ತಾಕತ್ತು ಹೆಚ್ಚಿಸುವ ಟರ್ಬೊ ಕೂಡಿಸಿ, ಟ್ಯೂನ್ ಮಾಡಿದ್ದಾರೆ. ಹೊರಗೆ ಒಂದಕ್ಷರವಿಲ್ಲ, ಒಂದು ಗೆರೆಯಿಲ್ಲ. "ತಾಕತ್ತಿದ್ದದ್ದು ಬಾಯಿ ಮಾಡಬಾರದ್ರಿ," ಎಂದು ಅವರು ಹೇಳುವುದನ್ನು ಶಿವಗಂಗಾ ಎಷ್ಟೋ ಭಾನುವಾರ ಕೇಳಿದ್ದಾರೆ. ಸಿಟ್ಟೇನೂ ಬಂದಿಲ್ಲ, ಆದರೆ ಆ ಬಿಳಿ ಕಾರಿನ ಬೋಳು ಮೈ ಕಂಡಾಗಲೆಲ್ಲ ಕೈ ತುರಿಸುತ್ತದೆ.

ಈಚೆಗೆ ಬಳಗದಲ್ಲಿ ಸ್ಟಿಕ್ಕರಿನ ಮಾತೇ ಹೆಚ್ಚು. ಹುಬ್ಬಳ್ಳಿಯ ಅಂಗಡಿಗಳಲ್ಲಿ ಕಂಪ್ಯೂಟರಿನಿಂದ ಕತ್ತರಿಸಿ ಅಂಟಿಸುತ್ತಾರೆ, ಎರಡೂ ಮಗ್ಗುಲು ಅಚ್ಚು ಹೊಡೆದಂತೆ ಒಂದೇ, ಬೇಸರ ಬಂದರೆ ಕಿತ್ತು ಬಿಸಾಡಬಹುದು. ಅರ್ಧ ಮಂದಿ ಆಗಲೇ ಅತ್ತ ಹೋಗಿದ್ದಾರೆ. ಗೌರೀಶರೊಬ್ಬರು ಹಟ ಹಿಡಿದು ಹೊಸ ನೀಲಿ ಕಾರನ್ನು ಇಲ್ಲಿಗೇ ಕಳಿಸಿದ್ದಾರೆ. ಈ ಗೆರೆ ಚೆಂದ ಕಂಡರೆ ಹೋದವರು ಮರಳಿ ಬರಬಹುದು, ಕಾಣದಿದ್ದರೆ ಶಿವಗಂಗಾ ಮತ್ತೆ ಟ್ರಾಲಿಗಳ ನಂಬರು ಬರೆಯುತ್ತ ಕೂರಬೇಕು. ಅದು ಕೀಳಲ್ಲ, ಹೊಟ್ಟೆ ತುಂಬಿಸುತ್ತದೆ. ಆದರೆ ಈ ಕಾರುಗಳ ಗೆರೆಯೆಂದರೆ ಅವರಿಗೆ ಜೀವ, ಅದನ್ನು ಅವರು ಮುಚ್ಚಿಟ್ಟಿಲ್ಲ.

ಬಿಸಿಲೇರುವ ಹೊತ್ತಿಗೆ ಬಳಗ ಬರುತ್ತದೆ. ಗೌರೀಶ ಕಾರಿನ ಸುತ್ತ ಒಂದು ಸಲ ತಿರುಗುತ್ತಾರೆ, ಇನ್ನೊಂದು ಸಲ ತಿರುಗುತ್ತಾರೆ. ಮುಖ ಇಳಿಯುತ್ತದೆ.

"ಅಕ್ಕಾರ, ಗೆರಿ ಅಗದಿ ಛಲೋ ಬಂದೈತ್ರಿ. ಆದ್ರ ಈ ಗಾಡಿ ಎಂಜಿನ್ನು ಹಿಂದೈತಿ," ಎನ್ನುತ್ತಾರೆ ಮೆಲ್ಲಗೆ.

ಶಿವಗಂಗಾ ಎರಡು ಹೆಜ್ಜೆ ಹಿಂದೆ ಸರಿದು ಕಾರನ್ನು ಮತ್ತೆ ನೋಡುತ್ತಾರೆ. ಗೆರೆ ಎತ್ತಿನ ಕಡೆಗೆ ಓಡಬೇಕು, ಎತ್ತಿನ ಹತ್ತಿರ ದಪ್ಪಗಾಗಬೇಕು, ಗಾಡಿಯ ತಾಕತ್ತು ಎಲ್ಲಿದೆ ಎಂದು ನೋಡಿದವರಿಗೆ ತಿಳಿಯಬೇಕು. ಇದು ತಂದೆ ಗಂಗಪ್ಪ ಕಲಿಸಿದ ಪಾಠ, ಬಳಗಕ್ಕೂ ಶಿವಗಂಗಾ ಎಷ್ಟೋ ಸಲ ಹೇಳಿದ್ದು. ಚಕ್ಕಡಿಗೆ ಎತ್ತು ಕಟ್ಟುವುದು ಮುಂದೆ. ಇಲ್ಲಿಯವರೆಗೆ ಬಂದ ಕಾರುಗಳಿಗೂ ಎಂಜಿನ್ ಮುಂದೆಯೇ ಇತ್ತು. ಸೀಟಿನ ಬೆನ್ನಿಗೆ ಎಂಜಿನ್ ಹೊತ್ತ ಕಾರೊಂದು ಇರಬಹುದೆಂದು ಅವರಿಗೆ ಹೊಳೆಯಲೂ ಇಲ್ಲ, ಯಾರೂ ಹೇಳಲೂ ಇಲ್ಲ. ಎತ್ತಿಲ್ಲದ ಕಡೆಗೆ ಗೆರೆ ಓಡಿಸಿಬಿಟ್ಟಿದ್ದಾರೆ.

ಬಳಗದಲ್ಲಿ ಯಾರೋ ಕಿಸಕ್ಕನೆ ನಗುತ್ತಾರೆ. ಇದ್ದದ್ದು ಇರಲಿ, ಇಷ್ಟು ಚೆಂದದ ಗೆರೆಯಲ್ಲಿ ಹಿಂದು ಮುಂದು ಯಾರು ನೋಡುತ್ತಾರೆ ಎಂದು ಮೈಲಾರಿ ಸಂಭಾಳಿಸಲು ನೋಡುತ್ತಾರೆ. ಬಳಗದ ಒತ್ತಾಯಕ್ಕೆ ಸ್ಟಿಕ್ಕರಿನವರಿಗೂ ಒಂದು ಮಾತು ಹೇಳಿಟ್ಟಿದ್ದಾಗಿದೆ, ಮಧ್ಯಾಹ್ನ ಬರಹೇಳಿದ್ದಾರೆ, ಅಳಿಸಿ ಅದನ್ನೇ ಅಂಟಿಸಿಕೊಂಡರಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಗೌರೀಶ ಸಮಾಧಾನ ಹೇಳುತ್ತಾರೆ. ಆ ಸಮಾಧಾನವೇ ಶಿವಗಂಗಾ ಅವರಿಗೆ ಹೆಚ್ಚು ಚುಚ್ಚುತ್ತದೆ.

"ಹಿಂದಿನ ಮುಚ್ಚಳಾ ತಗೀರಿ. ಚಾಲೂ ಮಾಡ್ರಿ," ಎನ್ನುತ್ತಾರೆ.

ಎಂಜಿನ್ ಗುಡುಗುತ್ತದೆ, ತಗಡಿನ ಶೆಡ್ಡು ಅದುರುತ್ತದೆ. ಶಿವಗಂಗಾ ಕಾರಿನ ಹಿಂಬದಿಯ ಮೈಮೇಲೆ ಅಂಗೈ ಊರಿ ಅದುರು ಎಲ್ಲಿ ಜೋರಾಗಿದೆ ಎಂದು ಹುಡುಕುತ್ತಾರೆ. ಆಮೇಲೆ ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ, ಇನ್ನೂ ಹಸಿಯಿರುವ ತಮ್ಮ ಗೆರೆಯನ್ನು ತಾವೇ ಒರೆಸತೊಡಗುತ್ತಾರೆ. "ಎತ್ತು ತಿರುಗಿ ನಿಂತೈತಿ. ಗೆರಿನೂ ತಿರುಗಬೇಕು, ಅಷ್ಟ," ಎಂದು ಗಂಡನಿಗೆ ಹೇಳುತ್ತಾರೆ.

ಅಷ್ಟೇ ಎಂದದ್ದು ಬಾಯಿಮಾತಿಗೆ. ಹಿಂದಿನಿಂದ ಮುಂದಕ್ಕೆ ಓಡಿ ಓಡಿ ಪಳಗಿದ ಕೈಯನ್ನು ಮುಂದಿನಿಂದ ಹಿಂದಕ್ಕೆ ಓಡಿಸಬೇಕು. ಹೊರಗೆ ಲಾರಿಗಳು ಆಗಲೇ ಧೂಳೆಬ್ಬಿಸುತ್ತಿವೆ. ಮೈಲಾರಿ ಅಂಗಳಕ್ಕೆ ನೀರು ಚಿಮುಕಿಸಿ, ಶೆಡ್ಡಿನ ಬಾಯಿಗೆ ಒದ್ದೆ ಗೋಣಿತಟ್ಟು ಇಳಿಬಿಡುತ್ತಾರೆ. ಯಾರೋ ತಂದಿಟ್ಟ ಚಹಾವನ್ನು ಶಿವಗಂಗಾ ಕಣ್ಣೆತ್ತಿಯೂ ನೋಡುವುದಿಲ್ಲ. ಮೊದಲ ಸಲ ಗೆರೆ ಬಾಗಿಲಿನ ಹತ್ತಿರ ಕೊಂಕುತ್ತದೆ. ಒರೆಸುತ್ತಾರೆ. ಕಿಸಕ್ಕೆಂದವರು ಈಗ ನಗುತ್ತಿಲ್ಲ. ಎರಡನೆಯ ಸಲ ಮುಂದಿನ ದೀಪದ ಬುಡದಿಂದ ಹೊರಟ ದಾರ ಬಾಗಿಲು ದಾಟಿ, ಮೆಲ್ಲಗೆ ಮೈ ತುಂಬಿಕೊಂಡು, ಹಿಂದಿನ ಗಾಲಿಯ ಮೇಲೆ ಬಂದು ದಪ್ಪಗೆ ನಿಲ್ಲುತ್ತದೆ. ಇನ್ನೊಂದು ಮಗ್ಗುಲಿಗೆ ಕೈ ತಾನಾಗಿಯೇ ದಾರಿ ಹಿಡಿಯುತ್ತದೆ.

ಗೌರೀಶ ಗೋಣಿತಟ್ಟು ಸರಿಸಿ ಹೊರಗೆ ಹೋಗಿ, ಸ್ಟಿಕ್ಕರಿನ ಅಂಗಡಿಗೆ ಫೋನು ಹಚ್ಚಿ, ಇವತ್ತು ಬರುವುದಿಲ್ಲ ಎನ್ನುತ್ತಾರೆ. ಇವತ್ತೇ ಏನು, ಮುಂದೂ ಬರುವುದಿಲ್ಲ ಎಂದು ಆಮೇಲೆ ಸೇರಿಸಿದ್ದನ್ನು ಒಳಗಿದ್ದವರೆಲ್ಲ ಕೇಳುತ್ತಾರೆ. ಶಿವಗಂಗಾ ಕೊನೆಗೂ ಚಹಾದ ಲೋಟ ಎತ್ತುತ್ತಾರೆ. ಆರಿ ತಣ್ಣಗಾದ ಚಹಾ, ಆದರೂ ಪೂರಾ ಕುಡಿಯುತ್ತಾರೆ.

ಬಳಗದ ವಾದ ಮತ್ತೆ ಚಾಲೂ ಆಗುತ್ತದೆ. ಗೆರೆ ಹಿಂದೆ ದಪ್ಪವಿದ್ದರೆ ಭಾರ ಕಾಣುತ್ತದೆ ಎಂದು ಒಬ್ಬರು, ಇಲ್ಲ, ಯಾರೋ ಬೆನ್ನಿಗೆ ಕೈ ಕೊಟ್ಟು ನೂಕಿದಂತೆ ಕಾಣುತ್ತದೆ ಎಂದು ಇನ್ನೊಬ್ಬರು. ಈ ಗದ್ದಲದಲ್ಲಿ ಸೇರದೆ ಫರಹತ್ ಮಾತ್ರ ಗೆರೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡುತ್ತಾರೆ. ಎದ್ದು ಬಂದವರು ಸ್ವಲ್ಪ ಸಂಕೋಚದಿಂದಲೇ ಕೇಳುತ್ತಾರೆ, "ಅಕ್ಕಾ, ನನ್ನ ಬಿಳಿ ಗಾಡಿಗೆ ಒಂದು ಗೆರಿ ಎಳೀರಿ. ತೆಳ್ಳಗ, ಒಂದ."

ವಾದಕ್ಕಿಳಿದಿದ್ದವರೆಲ್ಲ ಇತ್ತ ತಿರುಗುತ್ತಾರೆ. ಶಿವಗಂಗಾ ಲೋಟ ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. ಮುಖದಲ್ಲಿ ಎಷ್ಟು ತಡೆದರೂ ನಗು ನಿಲ್ಲುತ್ತಿಲ್ಲ.

"ಎಳಿತೀನ್ರಿ ಮೇಡಮ್ಮಾರ. ಮೊದಲ ಬಾನೆಟ್ ಎತ್ತಿ ತೋರಸ್ರಿ. ಎತ್ತಿನ ಮಾರಿ ನೋಡದ ನಾ ಇನ್ನ ಗೆರಿ ಎಳ್ಯಂಗಿಲ್ಲ."