ಕೇಕಿಗೆ ಹೆಂಚು ಹೊದಿಸಿದ ಶುಕ್ರವಾರ

ಅತ್ತೆಯ ಎದುರು ನಾನು ಯಾವ ಅಡುಗೆ ಮಾಡಿದರೂ ಅದು ಮೊದಲೇ ಸೋತ ಪಂದ್ಯ. ಮೀನಿನ ಸಾರಿಗೆ ಹುಳಿ ಹೆಚ್ಚು, ದೋಸೆಹಿಟ್ಟಿಗೆ ಹುಳಿ ಕಡಿಮೆ. ಅವರು ಬೈಯುತ್ತಿರಲಿಲ್ಲ, ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಒಂದು ತುತ್ತು ಬಾಯಿಗಿಟ್ಟು, "ನಾವು ಹೀಗೆ ಮಾಡುದಿಲ್ಲ ಬಾಯೆ," ಎಂದು ನಮ್ಮ ಕೊಂಕಣಿಯಲ್ಲಿ ಮೆತ್ತಗೆ ಅನ್ನುತ್ತಿದ್ದರು. ಊರಲ್ಲಿ ಕ್ರಿಸ್‌ಮಸ್ ಬಂದರೆ ಅರ್ಧ ವಾರ್ಡಿನ ಕುಸ್ವಾರ್ ತಿಂಡಿಗಳಿಗೆ ಅವರದೇ ಕೈ. ಅಂಥವರು ವಿಸಿಟ್ ವೀಸಾದಲ್ಲಿ ಕೊಲ್ಲಿ ದೇಶಕ್ಕೆ, ರಿಗ್ಗೈಯ ನಮ್ಮ ಫ್ಲ್ಯಾಟಿಗೆ ಬಂದಿಳಿದ ಮೇಲೆ ನನ್ನ ಅಡುಗೆಮನೆಯ ಗತಿ ನೀವೇ ಊಹಿಸಿ.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಅತ್ತೆ ಜನ್ಮದಲ್ಲಿ ಕಂಡಿರದ ತಿಂಡಿ ಮಾಡಬೇಕು. ಕಾಣದ್ದಕ್ಕೆ ಹೇಗೆ ಹೆಸರಿಡುತ್ತಾರೆ? ಒಂದೇ ಒಂದು ಸಲ ಅವರು ಸುಮ್ಮನೆ ತಿಂದು ಎದ್ದರೆ ನನಗೆ ಸಾಕಿತ್ತು.

ನಮ್ಮ ಆಫೀಸಿನಲ್ಲಿ ಅಮೆರಿಕದ ದಕ್ಷಿಣದ ಕಡೆಯ ಹೆಂಗಸೊಬ್ಬಳಿದ್ದಳು. ತಾಯಿ ಮಾಡುತ್ತಿದ್ದ ಚಾಕೊಲೇಟ್ ಕೇಕಿನ ಮಾತು ಬಂದರೆ ಅವಳಿಗೆ ಫೈಲು, ಬಾಸು ಎಲ್ಲ ಮರೆತುಹೋಗುತ್ತಿತ್ತು. ಮೂರು ಅಂತಸ್ತಿನ ಕೇಕು. ನಡುನಡುವೆ ಮತ್ತು ಮೇಲೆ ತೆಂಗಿನಕಾಯಿ, ಮೊಟ್ಟೆಯ ಹಳದಿ, ಸಕ್ಕರೆ, ಬೆಣ್ಣೆ, ಡಬ್ಬಿಹಾಲು ಕಾಯಿಸಿ ಮಾಡಿದ ಲೇಪ. ವಿಧಾನ ಕೇಳಿಕೊಂಡೆ, ಶುಕ್ರವಾರ ಚಹಾಕ್ಕೆ ಬಾ ಎಂದು ಅವಳನ್ನೂ ಕರೆದೆ. ತೆಂಗಿನಕಾಯಿ ಎಂಬ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಕಾಯಿ ಇರುವಲ್ಲಿಂದ ಅತ್ತೆಯನ್ನು ದೂರ ಇಡುವುದೆಂದರೆ ಬೆಲ್ಲದಿಂದ ಇರುವೆಯನ್ನು ದೂರ ಇಟ್ಟ ಹಾಗೆ.

ಶುಕ್ರವಾರ ಮೂರೂ ಕೇಕುಗಳು ಒಂದೂ ಬಿರುಕಿಲ್ಲದೆ ಕಪ್ಪಗೆ, ಮೆತ್ತಗೆ ಎದ್ದು ಬಂದವು. ಅತ್ತೆ ಬಾಗಿಲಿಗೆ ಒರಗಿ ನೋಡುತ್ತಿದ್ದರು. ನಾನು ಒಣ ಕೊಬ್ಬರಿಯ ಪೊಟ್ಟಣ ಒಡೆದದ್ದೇ ತಡ, "ಇದೆಂತ, ಮರದ ಹುಡಿಯಾ?" ಎಂದರು.

"ಅಮೆರಿಕದವರು ಹೀಗೆಯೇ ಮಾಡುದು, ಮಾಂಯ್."

ಅತ್ತೆ ಬಾಯಿ ಮುಚ್ಚಿದರು. ನನಗಾದ ಸಂತೋಷ ಹೇಳತೀರದು!

ಅಷ್ಟರಲ್ಲಿ ಫೋನು. ಅತಿಥಿಗೆ ದಾರಿ ತಪ್ಪಿತ್ತು. ರಿಗ್ಗೈಯ ಕಟ್ಟಡಗಳೆಲ್ಲ ಒಂದೇ ಅಚ್ಚು, ಒಂದೊಂದರ ಬುಡದಲ್ಲೂ ಬಕಾಲಾ ಎನ್ನುವ ಒಂದು ಕಿರಾಣಿ ಅಂಗಡಿ. ಲೇಪ ಒಲೆಯ ಮೇಲಿತ್ತು. "ಮಾಂಯ್, ಸ್ವಲ್ಪ ಕೈಯಾಡಿಸಿ, ಮಂದ ಆದ ಕೂಡಲೇ ಇಳಿಸಿ," ಎಂದು ಸೌಟು ಅವರ ಕೈಗೆ ಕೊಟ್ಟು ಓಡಿದೆ.

ಬಿಸಿಲಲ್ಲಿ ಬಕಾಲಾದಿಂದ ಬಕಾಲಾಕ್ಕೆ ಅಲೆದು ಅವಳನ್ನು ಹುಡುಕಿ ತರುವಾಗ ಮುಕ್ಕಾಲು ಗಂಟೆ ಕಳೆದಿತ್ತು. ಲಿಫ್ಟಿನ ಬಾಗಿಲು ತೆರೆದಾಗಲೇ ಏಲಕ್ಕಿಯ ಪರಿಮಳ ಮೂಗಿಗೆ ಬಡಿಯಿತು. ಅವಳ ತಾಯಿಯ ಕೇಕಿನಲ್ಲಿ ಏಲಕ್ಕಿ ಇರಲಿಲ್ಲ.

ಮೇಜಿನ ಮೇಲೆ ತುಪ್ಪ ಸವರಿದ ಸ್ಟೀಲಿನ ಬಟ್ಟಲು. ಅದರ ತುಂಬ ಲೇಪವಲ್ಲ, ವಜ್ರಾಕಾರಕ್ಕೆ ಕತ್ತರಿಸಿದ ಕಾಯಿ ಬರ್ಫಿ. ಪ್ರತಿ ತುಂಡಿನ ನೆತ್ತಿಗೆ ಅರ್ಧ ಗೋಡಂಬಿ. ಅತ್ತೆ ಚೂರಿ ಒರೆಸುತ್ತಿದ್ದರು.

"ಎಂತ ಮಾಡಿದ್ರೂ ಹದಕ್ಕೆ ಬರ್ಲಿಲ್ಲ ಬಾಯೆ. ಹಸಿ ಕಾಯಿ ಒಂದು ತುರಿದು, ಸಕ್ಕರೆ ಸೇರ್ಸಿದೆ. ಮತ್ತೆ ನೋಡು, ಚಂದ ತಳ ಬಿಟ್ಟು ಬಂತು."

ಕಾಯಿ, ಸಕ್ಕರೆ ಒಲೆಗೇರಿದರೆ ತಳ ಬಿಡದೆ ಇಳಿಯುವ ಪದ್ಧತಿ ನಮ್ಮಲ್ಲಿ ಇಲ್ಲವೇ ಇಲ್ಲ. ಸೌಟು ಕೊಟ್ಟವಳು ನಾನೇ. ಆದರೂ ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಮನೆಯಲ್ಲಿ ಇನ್ನೊಂದು ಡಬ್ಬಿಹಾಲು ಇರಲಿಲ್ಲ, ಅತಿಥಿ ಸೋಫಾದಲ್ಲಿ ಕೂತಾಗಿತ್ತು. ಕೇಕುಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆಲ್ಲ ಬರ್ಫಿ ಜೋಡಿಸಿದೆ.

"ಮಮ್ಮಿ, ಇಟ್ಸ್ ಅ ರೂಫ್!" ಎಂದಳು ಮಗಳು. ಮಂಗಳೂರು ಹೆಂಚಿನ ಮಾಡೇ ಸರಿ.

ಅತಿಥಿ ಒಂದು ಹೆಂಚು ತಿಂದಳು. ಇನ್ನೊಂದು ತಿಂದಳು. ತನ್ನ ತಾಯಿಯ ಕೇಕು ಹೀಗಿರಲಿಲ್ಲ ಎಂದಳು. ಎನ್ನುತ್ತಲೇ ಮೂರನೆಯದಕ್ಕೆ ಕೈಹಾಕಿ, ಇದನ್ನು ಹೇಗೆ ಮಾಡುವುದೆಂದು ನಿನ್ನ ಅತ್ತೆಯನ್ನು ಕೇಳು ಎಂದಳು. ನನಗೆ ವಿಧಾನ ಕೊಟ್ಟವಳೇ ಈಗ ಅತ್ತೆಯ ವಿಧಾನ ಕೇಳುತ್ತಿದ್ದಳು, ನಡುವೆ ದುಭಾಷಿ ನಾನು. "ತಳ ಬಿಡುವವರೆಗೆ ಕೈ ನಿಲ್ಲಿಸ್ಬಾರ್ದು ಅಂತ ಸರಿಯಾಗಿ ಹೇಳು," ಎಂದು ಅತ್ತೆ ಎರಡು ಸಲ ಎಚ್ಚರಿಸಿದರು.

ಅವಳು ಹೋಗುವಾಗ ಮಾಡಿನಲ್ಲಿ ಒಂದು ಹೆಂಚೂ ಉಳಿದಿರಲಿಲ್ಲ. ಬೋಳು ಕೇಕು ಮಾತ್ರ ಹಾಗೇ ಕೂತಿತ್ತು. ಅತ್ತೆ ಅದರಿಂದ ಒಂದು ತುಂಡು ಮುರಿದು ಚಹಾದಲ್ಲಿ ಅದ್ದಿ ತಿಂದರು. ಏನೂ ಹೇಳಲಿಲ್ಲ. ಇನ್ನೊಂದು ತುಂಡು ಮುರಿದರು.

"ಹೇಗುಂಟು, ಮಾಂಯ್?"

"ಲಾಯ್ಕುಂಟು," ಎಂದರು.

ಮದುವೆಯಾಗಿ ಬಂದ ಮೇಲೆ ಮೊದಲ ಸಲ! ಸಿಟ್ಟೆಲ್ಲ ಇಳಿದು, ಅವರನ್ನು ತಬ್ಬಿಕೊಳ್ಳೋಣ ಎನಿಸಿತು. ಅತ್ತೆ ಬಾಯಲ್ಲಿದ್ದದ್ದನ್ನು ನುಂಗಿ, ಕೈ ಒರೆಸಿಕೊಂಡು ಮಾತು ಮುಗಿಸಿದರು.

"ಸ್ವಲ್ಪ ಕಾಯಿ ಹಾಕ್ಬೇಕಿತ್ತು ನೀನು."