ರಮಾಬಾಯಿ ಮುಟ್ಟದೆ ಬಿಟ್ಟ ಪುಟ

ಬಾದಾಮಿಯ ಗೈಡ್ ತಿಮ್ಮಣ್ಣನ ಮಗಳು ರಮಾಬಾಯಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು. ಊರಿನ ಕೆಲವರು ಅವಳನ್ನು ಇಂದಿಗೂ ‘ಗೈಡುಗಳ ಅನ್ನ ಕಸಗೊಂಡಾಕಿ’ ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

2003ರಲ್ಲಿ ಅವಳು ದಿನಾ ಬಸ್ಸು ಹಿಡಿದು ಬಾಗಲಕೋಟೆಗೆ ಹೋಗಿ ವೆಬ್ ಪುಟ ಮಾಡುವುದನ್ನು ಕಲಿತಳು. ಅಲ್ಲಿ ಕಲಿಸಿದ್ದು ಕಂಪ್ಯೂಟರಿನ ಬರೀ ನೋಟ್‌ಪ್ಯಾಡಿನಲ್ಲಿ. ಪ್ರತಿ ಅಕ್ಷರವನ್ನೂ ಕೈಯಿಂದ ಹೊಡೆಯಬೇಕು, ಒಂದು ಚಿಹ್ನೆ ತಪ್ಪಿದರೆ ಪುಟವೇ ಅಡ್ಡಾದಿಡ್ಡಿ. ಹಾಗೆ ಹೊಡೆದು ಮೊದಲು ಮಾಡಿದ್ದು ಅಪ್ಪನ ಪುಟ. ಗುಹೆಯ ಮೆಟ್ಟಿಲ ಮೇಲೆ ನಿಂತ ತಿಮ್ಮಣ್ಣನ ಫೋಟೋ, ಅವನದೇ ನಾಲ್ಕು ಮಾತು, ಕೆಳಗೆ ಪಕ್ಕದ ಕಿರಾಣಿ ಅಂಗಡಿಯ ಫೋನ್ ನಂಬರು. ತಿಂಗಳೊಳಗೆ ಇಬ್ಬರು ಫ್ರಾನ್ಸಿನವರು ಅವನನ್ನೇ ಹುಡುಕಿಕೊಂಡು ಬಂದರು. ಉಳಿದ ಗೈಡುಗಳು ಬಿಟ್ಟಾರೆಯೇ?

“ನಂದೂ ಒಂದ್ ಹಾಕವ್ವಾ, ಮೀಸಿ ತೀಡ್ಕೊಂಡು ಫೋಟೋ ತಗಸೇನಿ,” ಎಂದು ಯಾಕೂಬಸಾಬನೇ ಮೊದಲು ಬಂದ. ಹೀಗೆ ಇನ್ನೂ ಏಳು ಪುಟಗಳಾದವು. ಒಬ್ಬ ಸಿಗದಿದ್ದರೆ ಇನ್ನೊಬ್ಬ ಸಿಗಲಿ ಎಂದು ಆ ಏಳರ ಕೆಳಗೂ ಎಂಟು ಗೈಡುಗಳ ನಂಬರಿನ ಒಂದೇ ಪಟ್ಟಿ.

ಮೊಬೈಲು ಹೊಸದಾಗಿ ಬಂದ ಕಾಲ. ಗೈಡುಗಳು ಅಂಗಿ ಬದಲಿಸಿದಂತೆ ನಂಬರು ಬದಲಿಸುತ್ತಿದ್ದರು. ಒಬ್ಬನದು ಬದಲಾದರೆ ರಮಾಬಾಯಿ ಏಳು ಕಡೆ ತಿದ್ದಬೇಕು. ತಿದ್ದುವುದು ನಮ್ಮೂರಲ್ಲೇ ಇದ್ದ ಬಸುವಿನ ನೆಟ್ ಸೆಂಟರಿನಲ್ಲಿ. ಬಸು ಇಳಕಲ್ಲಿನವ, ಇವಳನ್ನು ತಂಗಿ ಎಂದೇ ಕರೆಯುತ್ತಿದ್ದ.

“ನೋಟ್‌ಪ್ಯಾಡ್ ಬಿಡ ತಂಗಿ. ನನ್ನ ಕಡೆ ಪುಟ ಮಾಡೂ ಬ್ಯಾರೆ ಸಾಫ್ಟ್‌ವೇರ್ ಐತಿ, ಎಡಿಟರ್ ಅಂತ. ಪಟ್ಟಿ ಒಂದ್ ಕಡೆ ತಿದ್ದಿದ್ರ ಸಾಕು, ಎಲ್ಲಾ ಪುಟದಾಗೂ ತಾನ ಬದಲಾಗ್ತೈತಿ,” ಎಂದ.

ವಾರವೆಲ್ಲ ಅವಳು ಹಿಂದೆ ಮುಂದೆ ನೋಡಿದಳು. “ನಾ ಹೊಡದದ್ದು ನನಗ ಗೊತ್ತಿರ್ತೈತಿ. ಅದು ಒಳಗ ಏನ್ ಮಾಡ್ತೈತೋ ಯಾರಿಗೆ ಗೊತ್ತು?” ಎಂದು ನನ್ನ ಮುಂದೆ ಹೇಳಿಕೊಂಡಳು.

“ಹುಚ್ಚಿ, ಆರಾಮ ಆಗ್ತೈತಿ ಅಂದ್ರ ಬ್ಯಾಡ ಅಂತೀಯಲ್ಲ!” ಎಂದು ಬೈದವಳು ನಾನೇ. ಅದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಕೊನೆಗೆ ಏಳು ಪುಟಗಳನ್ನು ಬಸುವಿನ ಎಡಿಟರಿಗೆ ಹಾಕಿದಳು. ಅಪ್ಪನ ಪುಟವನ್ನು ಮಾತ್ರ ಮುಟ್ಟಲಿಲ್ಲ. ಅದರಲ್ಲಿ ಪಟ್ಟಿ ಇರಲಿಲ್ಲ, ಅಲ್ಲದೆ ಅದು ಅವಳ ಮೊದಲ ಕೈಕೆಲಸ. ಕಂಪ್ಯೂಟರು ಬಸುವಿನದಾದ್ದರಿಂದ ಪಾಸ್‌ವರ್ಡೂ ಅವನ ಬಳಿಯೇ ಇತ್ತು.

2005ರ ಡಿಸೆಂಬರಿನಲ್ಲಿ ಅವಳು ಅಕ್ಕನ ಬಾಣಂತನಕ್ಕೆಂದು ಹುನಗುಂದಕ್ಕೆ ಹೋದಳು. ಆಗಲೇ ಬಸು ಟ್ಯಾಕ್ಸಿ ಏಜೆನ್ಸಿ ತೆರೆದ. ಒಂದು ಬೆಳಿಗ್ಗೆ ಪ್ರವಾಸಿಯೊಬ್ಬ ಯಾಕೂಬಸಾಬನ ಪುಟದ ಪ್ರಿಂಟ್ ಹಿಡಿದು ಗುಹೆಗೆ ಬಂದ. ಕಾಗದದಲ್ಲಿ ಮೀಸೆ ತೀಡಿಕೊಂಡ ಯಾಕೂಬಸಾಬ, ಪ್ರವಾಸಿಯ ಪಕ್ಕದಲ್ಲಿ ಗೈಡ್ ಎಂದು ಬಂದಿದ್ದವ ಇನ್ಯಾರೋ. ಎದುರಿಗೆ ನಿಂತಿದ್ದ ಯಾಕೂಬಸಾಬನನ್ನು ನೋಡಿ, ‘ನಿಮಗೆ ಹುಷಾರಿಲ್ಲ ಅಂತ ಫೋನಿನಲ್ಲಿ ಅಂದರಲ್ಲ’ ಎಂದು ಆ ಪ್ರವಾಸಿ ಬೆರಗಾದ. ಪುಟದ ಕೆಳಗೆ ಎಂಟು ನಂಬರುಗಳಿದ್ದ ಜಾಗದಲ್ಲಿ ಬಸುವಿನ ನಂಬರೊಂದೇ ಇತ್ತು. ಅವನು ಒಂದು ಕಡೆ ತಿದ್ದಿದ್ದ, ಏಳೂ ಕಡೆ ಬದಲಾಗಿತ್ತು. ಬಂದ ಫೋನಿಗೆಲ್ಲ ತನ್ನ ಮಂದಿಯನ್ನು ಕಳಿಸುತ್ತಿದ್ದ.

ಗೈಡುಗಳು ಎಲ್ಲ ಪುಟಗಳನ್ನೂ ತೆರೆಸಿ ನೋಡಿದರು. ಏಳರಲ್ಲಿ ಬಸುವಿನ ನಂಬರು, ಒಂದರಲ್ಲಿ ಮಾತ್ರ ತಿಮ್ಮಣ್ಣನದು. ಇನ್ನೇನು ಬೇಕು ಅವರಿಗೆ?

ಸುದ್ದಿ ತಿಳಿದು ರಮಾಬಾಯಿ ಓಡಿ ಬಂದಳು. “ಅಣ್ಣಾ ಅಂತ ನಂಬಿದ್ನೆಲ್ಲೋ!” ಎಂದು ಬಸುವಿನ ಮುಂದೆ ಕೂಗಾಡಿದಳು.

“ನಿಮ್ಮಪ್ಪನ ನಂಬರ್ ಇದ್ಹಂಗ ಐತಿ. ನಿಂದೇನ್ ಹೋತು?” ಎಂದ ಆ ಪುಣ್ಯಾತ್ಮ, ಕಂಪ್ಯೂಟರಿನಿಂದ ತಲೆ ಎತ್ತದೆ.

ಗೈಡುಗಳಿಗೆ ಪರಿಪರಿಯಾಗಿ ತಿಳಿಸಿ ಹೇಳಿದಳು. “ಆ ಎಡಿಟರ್ ಈ ಎಡಿಟರ್ ನಮಗ್ಯಾಕ ಹೇಳ್ತಿ? ನಿಮ್ಮಪ್ಪಂದೊಂದ ಹ್ಯಾಂಗ ಉಳೀತು, ಅಷ್ಟ ಹೇಳು,” ಎಂದ ಯಾಕೂಬಸಾಬ. ಗುಹೆಯ ಬಳಿ ಗೈಡುಗಳು ಪಾಳಿಯಂತೆ ಪ್ರವಾಸಿಗಳನ್ನು ಕರೆದೊಯ್ಯುತ್ತಾರೆ. ಇಪ್ಪತ್ತೆರಡು ವರ್ಷ ಆ ಪಾಳಿಯಲ್ಲಿ ನಿಂತಿದ್ದ ತಿಮ್ಮಣ್ಣನನ್ನು ಅವರು ಹೊರಗಿಟ್ಟರು.

ಮರುದಿನ ನಾನು ಅವರ ಮನೆಗೆ ಹೋದಾಗ ತಿಮ್ಮಣ್ಣ ಊಟಕ್ಕೆ ಕೂತಿದ್ದ. ರಮಾಬಾಯಿ ರೊಟ್ಟಿ ಹಾಕಿದಳು. ಅವನು ಅವಳ ಕೈ ಹಿಡಿದು ಮೆಲ್ಲಗೆ ಕೇಳಿದ:

“ನಾ ಯಾರ ಮುಂದೂ ಹೇಳೂದಿಲ್ಲವ್ವಾ. ನನ್ನ ಸಲುವಾಗೇ ಮಾಡಿದ್ದಿ, ಹೌದಲ್ಲೋ?”

ಬಸುವಿನ ಮೋಸಕ್ಕೆ ಅವಳು ಅತ್ತಿರಲಿಲ್ಲ. ಆಗ ಅತ್ತಳು.