ಕಾಜಕ್ಕನ ಪರವಾಗಿ

ಕಾಜಕ್ಕನ ಅಭಿಪ್ರಾಯಗಳು ಬೀದಿಗೆ ಇಳಿಯುತ್ತಿದ್ದುದು ಗಂಡನ ಕಾಲ ಮೇಲೆ. ಅವಳಿಗೆ ಹೊರಗೆ ಹೋಗಿ ಹೇಳಲು ಪುರುಸೊತ್ತಿರಲಿಲ್ಲ, ಅವನಿಗೆ ಒಳಗೆ ಕೂತು ಯೋಚಿಸುವ ಅಭ್ಯಾಸವಿರಲಿಲ್ಲ. ಯಾರೂ ಗೊತ್ತುಮಾಡದೆ ಈ ಕೆಲಸ ಹೀಗೆ ಹಂಚಿಕೆಯಾಗಿ ಹೋಗಿತ್ತು.

ಕಾಜ ಎಂದರೆ ಅಂಗಿಯಲ್ಲಿ ಗುಂಡಿ ತೂರಿಸುವ ಸೀಳು. ಸರಕಾರಿ ಶಾಲೆಗಳ ಮಕ್ಕಳಿಗೆ ಕೊಡುವ ಅಂಗಿಗಳನ್ನು ಆ ಬೀದಿಯ ಹೆಂಗಸರು ಮನೆಮನೆಯಲ್ಲಿ ಕೂತು ಹೊಲಿಯುತ್ತಿದ್ದರು. ಗುತ್ತಿಗೆದಾರ ಕತ್ತರಿಸಿದ ಬಟ್ಟೆಯ ಕಟ್ಟುಗಳನ್ನು ತಂದು ಹಾಕುತ್ತಿದ್ದ. ಒಂದು ಮನೆಯಲ್ಲಿ ತೋಳು, ಇನ್ನೊಂದರಲ್ಲಿ ಕಾಲರು, ಮತ್ತೊಂದರಲ್ಲಿ ಜೇಬು. ಎಲ್ಲ ಮುಗಿದು ಅಂಗಿ ಎನ್ನುವ ಆಕಾರ ಬಂದ ಮೇಲೆ ಕೊನೆಗೆ ಬರುತ್ತಿದ್ದುದು ಇವಳ ಮನೆಗೆ. ಕಾಜ, ಗುಂಡಿ, ಇಸ್ತ್ರಿ, ಮಡಿಕೆ ಎಲ್ಲ ಇಲ್ಲಿ. ಹಾಗಾಗಿ ಕಾಜಕ್ಕ. ಅವಳ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಇದ್ದಿರಬೇಕು.

ಗಂಡನಿಗೂ ಬೀದಿ ಒಂದು ಹೆಸರು ಕೊಟ್ಟಿತ್ತು: ಎಡಿಟರ್. ಅವನು ಯಾವ ಪತ್ರಿಕೆಯಲ್ಲೂ ಇದ್ದವನಲ್ಲ. ನೀರು ಸರಬರಾಜು ಇಲಾಖೆಯಲ್ಲಿ ಮನೆಮನೆಯ ಮೀಟರು ಓದುವ ಕೆಲಸ ಮಾಡಿ ನಿವೃತ್ತನಾಗಿದ್ದ. ಆದರೆ ಬೆಳಗಾದರೆ ಕ್ಷೌರದ ಅಂಗಡಿಯ ಬೆಂಚಿನ ಮೇಲೆ ಕೂತು ತೆರಿಗೆ, ಬಜೆಟ್ಟು, ಮುಚ್ಚಿದ ಕಾರ್ಖಾನೆ, ತೆರೆದ ಶಾಪಿಂಗ್ ಮಾಲು, ಎಲ್ಲದರ ಬಗ್ಗೆಯೂ ಒಂದು ಖಚಿತವಾದ ಮಾತು ಹೇಳುತ್ತಿದ್ದ. ಆ ಮಾತು ಹಿಂದಿನ ದಿನ ಹೊಲಿಗೆ ಯಂತ್ರದ ಸದ್ದಿನ ನಡುವೆ ಹುಟ್ಟಿದ್ದಾಗಿರುತ್ತಿತ್ತು. ರೇಡಿಯೊದಲ್ಲಿ ವಾರ್ತೆ ಬರುವಾಗ ಕಾಜಕ್ಕ ಪೆಡಲಿನ ಮೇಲಿನ ಕಾಲು ನಿಲ್ಲಿಸದೆ ಅದಕ್ಕೆ ಉತ್ತರ ಕೊಡುತ್ತಿದ್ದಳು. ನಿರುದ್ಯೋಗ ಇಳಿದಿದೆ ಎಂದು ಮಂತ್ರಿ ಹೇಳಿದರೆ, ಕೆಲಸ ಹುಡುಕಿ ಹುಡುಕಿ ಸುಸ್ತಾಗಿ ಮನೆಯಲ್ಲಿ ಕೂತವರನ್ನು ಲೆಕ್ಕದಿಂದ ಕೈಬಿಟ್ಟರೆ ಇಳಿಯದೆ ಏನು ಮಾಡುತ್ತದೆ ಎನ್ನುತ್ತಿದ್ದಳು. ಅಂಗಿಯ ಮೇಲಿನ ತೆರಿಗೆ ತೆಗೆದು ನೂಲಿನ ಮೇಲೆ ಹಾಕಿದಾಗ, ಇದು ಉಡುವವನನ್ನು ಬಿಟ್ಟು ಹೊಲಿಯುವವಳನ್ನು ಹಿಡಿಯುವ ಉಪಾಯ ಅಂದಳು. ನೂಲು ಅವಳೇ ಕೊಳ್ಳಬೇಕಿತ್ತಲ್ಲ. ಎಡಿಟರ್ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿರುತ್ತಿದ್ದ. ನಿದ್ದೆ ಹೋದವನಂತೆ ಕಾಣುತ್ತಿದ್ದ, ಆದರೆ ಒಂದು ಮಾತೂ ನೆಲಕ್ಕೆ ಬೀಳಲು ಬಿಡುತ್ತಿರಲಿಲ್ಲ.

ಮರುದಿನದ ಸಮಾಚಾರ ಕ್ಷೌರಿಕನ ಹೆಂಡತಿಯಿಂದ ಬರುತ್ತಿತ್ತು. ಅವಳು ತೋಳು ಹೊಲಿಯುವವಳು. ಎಡಿಟರ್ ಹೇಳುವ ಮಾತು ಪೇಪರಿನಲ್ಲೂ ಬರುವುದಿಲ್ಲ ಎಂದು ತನ್ನ ಗಂಡ ಕತ್ತಿ ನಿಲ್ಲಿಸಿ ತಲೆದೂಗಿದ್ದನ್ನು ಅವಳು ಬಣ್ಣಿಸಿದರೆ ಕಾಜಕ್ಕ ನಗುತ್ತಿದ್ದಳು. ನಗದೆ ಇರುತ್ತಿದ್ದವಳು ನಾದಿನಿ ಒಬ್ಬಳೇ.

"ಅದು ನಿಮ್ಮ ಮಾತು ಅತ್ತಿಗೆ. ಅಣ್ಣ ಬರೀ ಪೋಸ್ಟ್‌ಮ್ಯಾನ್."

"ಇರ್ಲಿ ಬಿಡೇ. ಪೋಸ್ಟ್‌ಮ್ಯಾನ್ ಕಾಗದ ಹರಿದಿಲ್ವಲ್ಲ, ಅಷ್ಟು ಸಾಕು. ಗಂಡಸಿನ ಬಾಯಿಂದ ಬಂದ್ರೆ ನಾಲ್ಕು ಜನ ನಿಂತು ಕೇಳ್ತಾರೆ."

ನಾದಿನಿ ಈ ಮನೆಗೆ ಬಂದು ಬಹಳ ಕಾಲವಾಗಿತ್ತು. ಗಂಡ ಅವಳ ಪೆಟ್ಟಿಗೆಯನ್ನು ಬಾಗಿಲಾಚೆ ಇಟ್ಟು ಚಿಲಕ ಹಾಕಿಕೊಂಡ ದಿನ ಅವಳು ನೇರ ಇಲ್ಲಿಗೆ ಬಂದಿದ್ದಳು. ಅತ್ತಿಗೆ ಏನೂ ಕೇಳದೆ ಒಂದು ಸೂಜಿ, ಒಂದು ಡಬ್ಬಿ ಗುಂಡಿ ಅವಳ ಮುಂದಿಟ್ಟಿದ್ದಳು. ಅಂದಿನಿಂದ ಒಬ್ಬಳು ಕಿಟಕಿಯ ಪಕ್ಕ ಯಂತ್ರದ ಮುಂದೆ, ಇನ್ನೊಬ್ಬಳು ಚಾಪೆಯ ಮೇಲೆ. ಅಡುಗೆ, ಪಾತ್ರೆ, ಬಟ್ಟೆ, ಕಸ ಎಲ್ಲವೂ ಈ ಇಬ್ಬರ ನಾಲ್ಕು ಕೈಗಳ ಸಂದಿಯಲ್ಲಿ ನಡೆದುಹೋಗುತ್ತಿತ್ತು, ಎಡಿಟರಿಗೆ ಅದು ನಡೆಯುತ್ತಿದೆ ಎಂದೇ ಕಾಣದಷ್ಟು ಸಲೀಸಾಗಿ.

ಊರಿನ ಇನ್ನೊಂದು ತುದಿಯಲ್ಲಿ ಎಡಿಟರನ ಅಣ್ಣ, ಅಂದರೆ ನಾದಿನಿಯ ದೊಡ್ಡಣ್ಣನ ಮಹಡಿ ಮನೆಯಿತ್ತು. ಅವನ ಹೆಂಡತಿ ಆಫೀಸಿಗೆ ಹೋಗುವವಳು. ಅವಳ ತಂದೆ, ಅಂದರೆ ದೊಡ್ಡಣ್ಣನ ಮಾವ, ಹಾಸಿಗೆ ಹಿಡಿದಿದ್ದರು. ನೋಡಿಕೊಳ್ಳಲು ಬಂದ ಆಯಾಗಳು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದರು. ಮುದುಕರ ಬಾಯಿ ಅಂಥದು, ಕೈ ಅದಕ್ಕಿಂತ ಕೆಟ್ಟದ್ದು ಎಂದು ಹೋದವರು ಹೇಳುತ್ತಿದ್ದರು. ಒಬ್ಬಳು ಹೋದಾಗಲೆಲ್ಲ ದೊಡ್ಡಣ್ಣನ ಫೋನು ಬರುತ್ತಿತ್ತು. ಅಲ್ಲಿ ಸೂಜಿ ಹಿಡಿದು ಕಣ್ಣು ಕಳೆದುಕೊಳ್ಳುವ ಬದಲು ಇಲ್ಲಿ ಬಂದು ಮನೆಮಗಳ ಹಾಗೆ ಇರು ಎನ್ನುತ್ತಿದ್ದ. ನಾದಿನಿಯ ಉತ್ತರ ಯಾವಾಗಲೂ ಒಂದೇ. "ಕೆಲಸ ಇದೆ ಅಣ್ಣ." ಇಷ್ಟವಿಲ್ಲ ಎಂದರೆ ಕೃತಘ್ನೆ ಎನ್ನಿಸಿಕೊಳ್ಳುತ್ತಿದ್ದಳು, ಭಯ ಎಂದರೆ ನಗುತ್ತಿದ್ದರು. ಕೆಲಸ ಇದೆ ಎನ್ನುವ ಮಾತಿಗೆ ಮಾತ್ರ ದೊಡ್ಡಣ್ಣನಂಥವನೂ ಫೋನು ಇಡಬೇಕಾಗುತ್ತಿತ್ತು.

ಹೊಸ ನೀತಿಯ ಸುದ್ದಿ ರೇಡಿಯೊದಲ್ಲಿ ಬಂದಾಗ ಕಾಜಕ್ಕನ ಕಾಲು ನಿಂತಿತು. ಇನ್ನು ಮುಂದೆ ಇಡೀ ರಾಜ್ಯದ ಶಾಲಾ ಅಂಗಿಗಳನ್ನು ಒಂದೇ ದೊಡ್ಡ ಕಂಪನಿಯಿಂದ ಕೊಳ್ಳಲಾಗುವುದು, ಗುಣಮಟ್ಟ ಒಂದೇ ಆಗಿರುವುದು, ಸೋರಿಕೆ ತಪ್ಪುವುದು. ಜನರ ಅಭಿಪ್ರಾಯ ಕೇಳಿಯೇ ಆದೇಶ ಹೊರಡಿಸಲಾಗುವುದು; ಹೊಲಿಗೆ ನಡೆಯುವ ಪ್ರತಿ ಬೀದಿಯಿಂದ ಒಬ್ಬರು ಅಹವಾಲು ಸಭೆಗೆ ಬಂದು ಮಾತಾಡಬಹುದು.

ಬೀದಿಯ ಹೆಂಗಸರು ಕಾಜಕ್ಕನ ಮುಂದಿನ ಕೋಣೆಯಲ್ಲಿ ಸೇರಿದರು. ಅಂಗಿಯ ಕಟ್ಟುಗಳ ಮೇಲೆಯೇ ಕೂತರು, ಬೇರೆ ಜಾಗವಿರಲಿಲ್ಲ. ಯಾರು ಹೋಗಬೇಕು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನೋಡಿದ್ದು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಎಡಿಟರನ್ನು. ಅವನಿಗೆ ಮಾತು ಬರುತ್ತದೆ, ದನಿ ಇದೆ, ಅಧಿಕಾರಿಗಳೆದುರು ಕಾಲು ನಡುಗುವುದಿಲ್ಲ. ನಾದಿನಿ ಮಾತ್ರ ಅತ್ತಿಗೆಯೇ ಹೋಗಲಿ ಎಂದಳು. ಕ್ಷೌರಿಕನ ಹೆಂಡತಿ ನಕ್ಕಳು. "ಅಕ್ಕ ಹೋದ್ರೆ ಕಾಜ ಯಾರು ಹಾಕೋದು? ನಾಳೆ ಗುತ್ತಿಗೆದಾರ ಕಟ್ಟು ಎತ್ತೋಕೆ ಬರ್ತಾನೆ." ಅದು ನಿಜವಾಗಿತ್ತು. ಹೊತ್ತಿಗೆ ಸರಿಯಾಗಿ ಮಾಲು ಸಿಗದಿದ್ದರೆ ಇಡೀ ಬೀದಿಯ ಕೂಲಿ ನಿಲ್ಲುತ್ತಿತ್ತು. ಅವಳು ಹೋದರೆ ಅಡುಗೆ ಯಾರು ಮಾಡಬೇಕು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಆದರೆ ಕೂತಿದ್ದ ಪ್ರತಿಯೊಬ್ಬಳೂ ತನ್ನ ಮನೆಯ ಒಲೆಯನ್ನು ನೆನೆದುಕೊಂಡೇ ತಲೆಯಾಡಿಸಿದ್ದಳು. ಕಾಜಕ್ಕನೂ ಒಪ್ಪಿದಳು. ಇಷ್ಟು ವರ್ಷ ತನ್ನ ಮಾತು ಹೊತ್ತವನು ಇದನ್ನೂ ಹೊರುತ್ತಾನೆ ಎಂದು ಅವಳಿಗೆ ನಂಬಿಕೆಯಿತ್ತು. ಸ್ವಲ್ಪ ಹೆಮ್ಮೆಯೂ ಇತ್ತು ಎನ್ನಬೇಕು.

ಮರುದಿನ ಬೆಳಿಗ್ಗೆ ಅವನ ಅಂಗಿಗೆ ಇಸ್ತ್ರಿ ಹಾಕುತ್ತಾ ಹೇಳಿಕೊಟ್ಟಳು. ಕಂಪನಿ ಬೇಡ ಎಂದು ಕಿರುಚಾಡುವುದು ಬೇಡ, ಯಾರೂ ಕೇಳುವುದಿಲ್ಲ. ಅಂಗಿ ಅವರೇ ಹೊಲಿಯಲಿ, ಕಾಜ ಗುಂಡಿಯ ಕೆಲಸವಾದರೂ ಬೀದಿಗಳಿಗೆ ಬಿಡಲಿ ಎಂದು ಕೇಳಬೇಕು.

"ಎಲ್ಲಕ್ಕಿಂತ ಮೊದ್ಲು ಇದು ನಮ್ಮ ಉದ್ಯೋಗ ಅನ್ನಿ. ಬೇರೆ ಏನು ಮರೆತ್ರೂ ಪರವಾಗಿಲ್ಲ."

"ನನಗೇ ಹೇಳ್ಕೊಡ್ತೀಯಲ್ಲೇ," ಎಂದ ಎಡಿಟರ್, ತೋಳು ತೂರಿಸುತ್ತಾ. "ಕಾಲರ್ ಇನ್ನೂ ಬಿಸಿ ಇದೆ."

ನಾದಿನಿ ಅವನ ಜೊತೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಸಂಜೆ ಅಣ್ಣ ತಂಗಿ ಒಟ್ಟಿಗೆ ಬಂದರು. ಅವನ ಮುಖ ಬೆಳಗುತ್ತಿತ್ತು. ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರಂತೆ, ನೀರಿನ ಬಾಟಲಿ ಕೊಟ್ಟರಂತೆ, ಇಷ್ಟು ಸಮತೋಲನದ ಮಾತು ಇವತ್ತು ಕೇಳಿರಲಿಲ್ಲ ಎಂದು ದೊಡ್ಡ ಅಧಿಕಾರಿ ಕೈ ಕುಲುಕಿದರಂತೆ. ನಾದಿನಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದಳು, ಬಹಳ ಹೊತ್ತು ತೊಳೆದಳು. ಕಾಜಕ್ಕ ಹಿಂದೆಯೇ ಹೋಗಿ ಏನಾಯಿತೆಂದು ಕೇಳಿದಳು.

"ಅಡ್ಡಗೋಡೆ ಮೇಲೆ ದೀಪ ಇಟ್ಟು ಬಂದ ಅತ್ತಿಗೆ."

ಮೊದಲು ದೇಶದ ಪ್ರಗತಿ ಎಂದಿದ್ದ. ನಮ್ಮ ನಮ್ಮ ಮನೆಯಂಗಳದಿಂದಾಚೆ ನೋಡಬೇಕು, ದೊಡ್ಡ ಬಂಡವಾಳ ಬಂದರೆ ಅದರ ಹಿಂದೆ ನಾಲ್ಕು ಒಳ್ಳೆಯದೂ ಬರುತ್ತದೆ ಎಂದಿದ್ದ. ಆಮೇಲೆ ಬೀದಿಯ ಹೆಣ್ಣುಮಕ್ಕಳ ವಿಷಯಕ್ಕೆ ಬಂದು, ನನ್ನ ಹೆಂಡತಿಯನ್ನೇ ನೋಡಿ, ಮನೆಯ ಯಾವ ಕೆಲಸವನ್ನೂ ಕೆಡಿಸದೆ ಬಿಡುವಾದಾಗ ಹೊಲಿಯುತ್ತಾಳೆ, ನಾನು ಇವತ್ತಿನವರೆಗೆ ತಣ್ಣನೆಯ ಊಟ ಮಾಡಿದವನಲ್ಲ ಎಂದಿದ್ದ. ಸಭೆ ಚಪ್ಪಾಳೆ ತಟ್ಟಿತ್ತು. ಹಾಗಾದರೆ ಇದು ಬಿಡುವಿನ ಕೆಲಸ ಎಂದು ಬರೆದುಕೊಳ್ಳೋಣವೇ ಎಂದು ಅಧಿಕಾರಿ ಕೇಳಿದ್ದರು. ಬರೆದುಕೊಳ್ಳಿ ಎಂದಿದ್ದ.

ಕಾಜಕ್ಕ ಮುಂದಿನ ಕೋಣೆಗೆ ಬಂದು ಅವನೆದುರು ನಿಂತಳು. "ಬಿಡುವು ಅಂದ್ರಾ?"

ಎಡಿಟರ್ ನಿಜವಾಗಿಯೂ ಗಲಿಬಿಲಿಗೊಂಡ. "ಹೊಗಳಿದೆ ಕಣೇ. ಅಷ್ಟು ಜನರೆದುರು ಹೆಂಡತೀನ ಹೊಗಳಿದವನು ನಾನೊಬ್ಬನೇ. ಬೇಕಾದ್ರೆ ಇವಳನ್ನ ಕೇಳು."

ಅವನು ಸುಳ್ಳು ಹೇಳುತ್ತಿರಲಿಲ್ಲ. ತೆರಿಗೆಯ ಬಗ್ಗೆ, ಬಂಡವಾಳದ ಬಗ್ಗೆ ಅವಳು ಅಂದದ್ದೆಲ್ಲ ಅವನ ಕಿವಿಗೆ ಬಿದ್ದಿತ್ತು. ಆದರೆ ಆ ಮಾತು ಆಡುವಾಗ ಅವಳ ಕೈಯಲ್ಲಿ ಏನಿತ್ತು ಎಂದು ಪತ್ರಿಕೆಯ ಆಚೆಯಿಂದ ಅವನು ಒಮ್ಮೆಯೂ ನೋಡಿರಲಿಲ್ಲ. ಹೇಳಿಕೊಟ್ಟ ಮಾತೊಂದನ್ನು ಬಿಟ್ಟು ತನಗೆ ಕಂಡದ್ದನ್ನು ತಾನೇ ಹೇಳಿದ್ದು ಅದೇ ಮೊದಲು.

ಆದೇಶ ಬಂತು. ಈ ಕೆಲಸದಿಂದಲೇ ಬದುಕುತ್ತಿರುವವರೆಂದು ಸಭೆಯಲ್ಲಿ ದಾಖಲಾದ ಬೀದಿಗಳಿಗೆ ಗುಂಡಿ ಕಾಜದ ಕೆಲಸವನ್ನು ಕಂಪನಿ ಕೊಡಬೇಕು, ಬಿಡುವಿನಲ್ಲಿ ಮಾಡುವವರಿಗೆ ಅದು ಅನ್ವಯಿಸದು. ಪಕ್ಕದ ಬೀದಿಯಿಂದ ಒಬ್ಬ ಮುದುಕಿ ಹೋಗಿದ್ದಳು. ಮೈಕಿನ ಮುಂದೆ ಮಾತೇ ಹೊರಡದೆ, ಇದು ಹೋದರೆ ನಾನು ಸಾಯುತ್ತೇನೆ ಎಂದಷ್ಟೇ ಹೇಳಿ ಅತ್ತು ಕೆಳಗಿಳಿದಿದ್ದಳು. ಆ ಬೀದಿಗೆ ಕೆಲಸ ಸಿಕ್ಕಿತು.

ಕಾಜಕ್ಕ ಇಲಾಖೆಯ ಕಚೇರಿಗೆ ಹೋದಳು. ಗುಮಾಸ್ತ ಕೆಟ್ಟವನೇನಲ್ಲ, ಕುರ್ಚಿ ಎಳೆದು ಕೂರಿಸಿದ.

"ಅಲ್ಲಿ ಹೇಳಿದ್ದು ನಮ್ಮ ಅಭಿಪ್ರಾಯ ಅಲ್ಲ ಸಾರ್."

"ನಿಮ್ಮ ಪರವಾಗಿ ಬಂದಿದ್ದು ಯಾರಮ್ಮ?"

"ನಮ್ಮ ಮನೆಯವರು."

"ನೀವೇ ಕಳಿಸಿದ್ದಾ?"

ಅವಳು ಹೌದೆಂದಳು. ಮತ್ತೆ ಏನು ಮಾಡಲಿ ಎನ್ನುವಂತೆ ಅವನು ಕೈ ಬಿಚ್ಚಿದ. ಒಂದು ಬೀದಿಗೆ ಒಂದೇ ಅಭಿಪ್ರಾಯ, ಅದು ಮುಗಿಯಿತು. ಅವಳ ಹಿಂದೆ ಬಾಗಿಲವರೆಗೆ ಸಾಲು ನಿಂತಿತ್ತು.

ಕೊನೆಯ ಕಟ್ಟು ಹೋದ ಮೇಲೆ ಹೆಂಗಸರು ಬರುವುದು ನಿಂತಿತು. ಯಾರೂ ಜಗಳವಾಡಲಿಲ್ಲ. ಎಡಿಟರನ್ನು ಆರಿಸಿದವರು ತಾವೇ, ಯಾವ ಬಾಯಿಂದ ಆಡುವುದು. ಕ್ಷೌರಿಕನ ಹೆಂಡತಿ ಕಂಪನಿಯ ಗೇಟಿಗೆ ಹೋಗಿ ವಯಸ್ಸಾಯಿತು ಎನ್ನಿಸಿಕೊಂಡು ವಾಪಸು ಬಂದಳು. ಅವಳಿಗಿಂತ ಕಾಜಕ್ಕ ದೊಡ್ಡವಳು. ಹೊಲಿಯುವ ಬಟ್ಟೆಯಿಲ್ಲದ ಮನೆಯಲ್ಲಿ ರೇಡಿಯೊ ಮಾತಾಡುತ್ತಿದ್ದರೆ ಅವಳು ಉತ್ತರ ಕೊಡುತ್ತಿರಲಿಲ್ಲ. ಎಡಿಟರ್ ಈಗ ರೇಡಿಯೊ ಹೇಳಿದ್ದನ್ನೇ ಒಯ್ದು ಕ್ಷೌರದ ಅಂಗಡಿಯಲ್ಲಿ ಹೇಳುತ್ತಿದ್ದ. ಕೇಳುವವರಿಗೆ ಏನೂ ವ್ಯತ್ಯಾಸ ತಿಳಿಯಲಿಲ್ಲ, ಮೊದಲಿನ ಹಾಗೆಯೇ ತಲೆದೂಗುತ್ತಿದ್ದರು.

ದೊಡ್ಡಣ್ಣ ಈ ಸಲ ಫೋನು ಮಾಡಲಿಲ್ಲ. ವ್ಯಾನು ತೆಗೆದುಕೊಂಡು ತಾನೇ ಬಂದ. ಹಣ್ಣು ತಂದಿದ್ದ, ತಂಗಿಯ ತಲೆ ಸವರಿದ. ಹೋಗೋಣವಾ ಎಂದು ಕೇಳಿದ. ನಾದಿನಿಗೆ ಹೇಳಲು ಗೊತ್ತಿದ್ದದ್ದು ಒಂದೇ ಉತ್ತರ, ಅದನ್ನು ಈಗ ಹೇಳುವಂತಿರಲಿಲ್ಲ. ಅವಳು ಅತ್ತಿಗೆಯ ಕಡೆ ನೋಡಿದಳು.

"ಅವಳು ಹೋಗೋದು ಬೇಡ ಭಾವ," ಎಂದಳು ಕಾಜಕ್ಕ. "ಇದು ನಾನೇ ಹೇಳ್ತಿರೋದು."

ಹಿರಿಯ ಭಾವನೆದುರು ಅವಳು ಅಷ್ಟು ಎತ್ತರದ ದನಿಯಲ್ಲಿ ಮಾತಾಡಿದ್ದು ಮೊದಲ ಸಲ. ದೊಡ್ಡಣ್ಣನಿಗೆ ಸಿಟ್ಟು ಬರಲಿಲ್ಲ. "ಬೇಡ ಅಂದ್ರೆ ಹೇಗಮ್ಮ? ಇಲ್ಲಿ ಅವಳಿಗೆ ಏನು ಕೆಲಸ ಇದೆ, ಹೇಳು."

"ನನ್ನ ಜೊತೆ ಇರ್ತಾಳೆ."

"ಅದು ಸರಿ. ಕೆಲಸ ಏನು ಅಂದೆ."

ಕಾಜಕ್ಕ ಬಟ್ಟೆಯಿಲ್ಲದ ಯಂತ್ರದ ಕಡೆ ನೋಡಿದಳು. ದೊಡ್ಡಣ್ಣ ತಮ್ಮನ ಕಡೆ ತಿರುಗಿ, ನೀನೇನು ಹೇಳುತ್ತೀಯಪ್ಪ ಎಂದ. ಎಡಿಟರ್ ಕನ್ನಡಕ ತೆಗೆದು ಒರೆಸಿಕೊಂಡ. ಇದನ್ನು ಭಾವನೆಯಿಂದ ನೋಡಬಾರದು ಎಂದು ಶುರುಮಾಡಿದ. ಒಂದು ಕಡೆ ತಂಗಿ ಇಲ್ಲಿ ಒಗ್ಗಿದ್ದಾಳೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಇಂದಿನ ಆರ್ಥಿಕ ಪರಿಸ್ಥಿತಿಯಲ್ಲಿ... ಅವನು ಇನ್ನೂ ಪರಿಸ್ಥಿತಿಯಲ್ಲೇ ಇರುವಾಗ ನಾದಿನಿ ಎದ್ದು ಒಳಗೆ ಹೋದಳು. ಅವನ ಮಾತು ಇನ್ನೊಂದು ಕಡೆಗೆ ಬರುವಷ್ಟರಲ್ಲಿ ಬಟ್ಟೆ ತುಂಬಿದ ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದಳು.

"ಸಾಕು ಅಣ್ಣ," ಎಂದಳು. "ಇಲ್ಲಿ ಯಾರೂ ಬರೆದುಕೊಳ್ತಾ ಇಲ್ಲ."

ಕಾಜಕ್ಕ ಚೀಲದ ಒಂದು ಹಿಡಿ ಹಿಡಿದುಕೊಂಡು ವ್ಯಾನಿನವರೆಗೆ ಬಂದಳು. ಹಿಡಿ ಬಿಡಲು ತಡಮಾಡಿದಾಗ ನಾದಿನಿಯೇ ಮೆಲ್ಲಗೆ ಬಿಡಿಸಿಕೊಂಡು ಹತ್ತಿ ಕೂತಳು. ಗಾಡಿ ಹೊರಡುವ ಮೊದಲೇ ದೊಡ್ಡಣ್ಣ ಹೇಳಿಕೊಡಲು ತೊಡಗಿದ್ದ: ಮಾವನವರಿಗೆ ಮಗ್ಗುಲು ಬದಲಿಸುವುದು ಹೇಗೆ, ಹಾಸಿಗೆಯ ಕೆಳಗೆ ಹಾಸುವ ರಬ್ಬರು ಎಲ್ಲಿದೆ, ಅವರು ಕೈ ಎತ್ತಿದಾಗ ಎಷ್ಟು ದೂರ ನಿಲ್ಲಬೇಕು. ನಾದಿನಿ ಎದುರಿಗೆ ನೋಡುತ್ತಾ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು.